ಹಾರಿಕಾ ‘ಅವುನು’ ಅಂದ ಮಧ್ಯಾಹ್ನ

ಇವತ್ತು ಬೆಳಿಗ್ಗೆ ರಕ್ತಪರೀಕ್ಷೆಗೆ ತೋಳು ಚಾಚಿ ಕೂತಿದ್ದೆ. ನರ್ಸಮ್ಮ ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ ನೋಡಿ. ನಾನಾಗಲೇ ನಮ್ಮ ನೇವಿ ಕ್ವಾರ್ಟರ್ಸಿನ ಹಳೆಯ ಭಾನುವಾರಗಳಲ್ಲಿದ್ದೆ.

ಆಗ ಅಕ್ಕನ ಮಗಳು ಹಾರಿಕಾ ಇಲ್ಲಿ ವಿಶಾಖಪಟ್ಟಣದಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಭಾನುವಾರ ಹಾಸ್ಟೆಲಿನಿಂದ ಬಂದರೆ ಅವಳ ಜೊತೆ ಈ ವಾಸನೆಯೂ ಒಳಗೆ ಬರುತ್ತಿತ್ತು. ಅವಳಪ್ಪ, ನಮ್ಮ ಭಾವ, ವಿಜಯವಾಡದ ತೆಲುಗಿನವರು. ಆಟೋನಗರ್‌ನಲ್ಲಿ ಲಾರಿ ರಿಪೇರಿ ಶೆಡ್ಡು. ಸೀಟು ಸಿಕ್ಕ ದಿನದಿಂದ ಮಗಳ ಹೆಸರೇ ಮರೆತರು. ಫೋನೆತ್ತಿದರೆ “ಡಾಕ್ಟರಮ್ಮಾ!” ನಾನೇನು ಕಡಿಮೆಯೇ? ಪಕ್ಕದ ಮನೆಗಳಲ್ಲೆಲ್ಲ ನನ್ನ ಮುರುಕು ತೆಲುಗಿನಲ್ಲಿ ಅವಳ ಗುಣಗಾನ. ಇಷ್ಟು ವರ್ಷವಾದರೂ ನನ್ನ ತೆಲುಗು ತರಕಾರಿ ಗಾಡಿ ದಾಟಿಲ್ಲ, ಅದು ಬೇರೆ ಮಾತು.

ಎರಡನೇ ವರ್ಷ ಅವಳು ಒಂದು ವಿಷಯದಲ್ಲಿ ಫೇಲಾದಳು. ವಾರ್ಡಿನಲ್ಲಿ ಮೇಷ್ಟ್ರೊಬ್ಬರು ರೋಗಿಗಳೆದುರೇ “ನಿನ್ನಂಥವಳಿಗೆ ಈ ಬಿಳಿ ಕೋಟು ಯಾಕೆ?” ಅಂದರಂತೆ. ಬರಬರುತ್ತಾ ಊಟ ಕಡಿಮೆಯಾಯಿತು, ಮಾತೂ.

ಒಂದು ಭಾನುವಾರ ಋಷಿಕೊಂಡದ ಕಡಲತೀರಕ್ಕೆ ಕರೆದುಕೊಂಡು ಹೋದೆ. ಬಿಸಿಲಿಗೆ ತೆಳು ಮಂಜು ಬೆರೆತು, ಕಡಲು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯದಂಥ ಮಧ್ಯಾಹ್ನ. ಅಲೆಯ ಸದ್ದಿಗೆ ನನಗೆ ತೂಕಡಿಕೆ.

“ಪಿನ್ನಿ,” ಅಂದಳು. ಚಿಕ್ಕಮ್ಮನನ್ನು ಅವಳು ಕರೆಯುವುದೇ ಹಾಗೆ. “ನಾನು ಇಲ್ದಿದ್ರೆ ನಾನ್ನಗೆ ಅವಮಾನ ತಪ್ಪುತ್ತೆ ಅಲ್ವಾ?”

ನಾನ್ನ ಅಂದರೆ ಅಪ್ಪ. ನನ್ನ ತೂಕಡಿಕೆ ಹಾರಿಹೋಯಿತು. ಬೇರೆ ಮಾತು ತೆಗೆಯೋಣವೆನಿಸಿತು, ತೆಗೆಯಲಿಲ್ಲ.

“ಸಾಯಬೇಕು ಅನಿಸ್ತಿದೆಯಾ, ಪುಟ್ಟಾ?”

ಅವಳು ನೀರನ್ನೇ ನೋಡುತ್ತಾ, “ಅವುನು,” ಅಂದಳು. ಹೌದು ಎಂದು. ಅವಳ ಒಳಗಿನ ಮಾತೆಲ್ಲ ತೆಲುಗಿನಲ್ಲೇ.

ಬುದ್ಧಿ ಹೇಳಲಿಲ್ಲ. ಕೈ ಹಿಡಿದುಕೊಂಡೆ. ಹಾಸ್ಟೆಲಿಗೆ ಕಳಿಸದೆ ಮನೆಗೆ ಕರೆತಂದೆ. “ನಾನ್ನಗೆ ಹೇಳಬೇಡಿ” ಎಂದು ಗೋಗರೆದಳು. “ಇದನ್ನ ನಾನೊಬ್ಬಳೇ ಇಟ್ಕೊಳ್ಳಕ್ಕಾಗಲ್ಲ ಕಣೇ” ಎಂದು ಅವಳೆದುರೇ ಫೋನು ಮಾಡಿದೆ.

ಮರುದಿನ ಬೆಳಿಗ್ಗೆ ಭಾವ ರೈಲಿಳಿದು ನೇರ ಬಂದರು. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ರೇಗುತ್ತಾರೇನೋ ಎಂದು ನನಗೆ ಭಯ. ಅವರು ಅವಳ ಪಕ್ಕ ನೆಲದ ಮೇಲೆ ಕೂತು, “ಬುಜ್ಜಿ, ಏನಾದರೂ ತಿಂದೆಯಾ?” ಅಂದರು, ತೆಲುಗಿನಲ್ಲೇ. ಬುಜ್ಜಿ ಎಂಬುದು ಅವಳ ತೊಟ್ಟಿಲ ಹೆಸರು. ಹುಡುಗಿ ಅಪ್ಪನ ಅಂಗಿಗೆ ಮುಖವೊತ್ತಿ ಅತ್ತಳು.

ಅಂದೇ ಮನೋವೈದ್ಯರಲ್ಲಿಗೆ ಹೋದೆವು. ಮಾತ್ರೆ, ಮಾತು, ವಿಜಯವಾಡದಲ್ಲಿ ಕೆಲವು ತಿಂಗಳ ವಿಶ್ರಾಂತಿ. ಆಮೇಲೂ ಎಷ್ಟೋ ಕೆಟ್ಟ ದಿನಗಳು ಬಂದವು. ಒಂದು ಬ್ಯಾಚು ಹಿಂದೆ ಬಿದ್ದು, ಜೂನಿಯರುಗಳ ಜೊತೆ ಕೂತು ಓದು ಮುಗಿಸಿದಳು.

ಈಗ ವಿಜಯವಾಡದಲ್ಲೇ ಡಾಕ್ಟರು. ಇವತ್ತು ಸಂಜೆ ಫೋನು ಮಾಡಿದೆ. “ಆ ಯೋಚನೆ ಈಗಲೂ ಬರುತ್ತಾ?”

“ಒಮ್ಮೊಮ್ಮೆ ಬರುತ್ತೆ ಪಿನ್ನಿ. ಬಂದ್ರೆ ಯಾರಿಗಾದ್ರೂ ಹೇಳ್ತೀನಿ.” ಅವಳೇ ತಿರುಗಿ ಕೇಳಿದಳು: “ನೀವು ಹೇಗಿದ್ದೀರಿ? ನಿಜ ಹೇಳಿ.”

‘ಚೆನ್ನಾಗಿದ್ದೀನಿ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಯಜಮಾನರು ಹಡಗು ಹತ್ತಿ ಹೋಗಿ ತಿಂಗಳುಗಳಾಗಿವೆ. ಮನೆಯ ತುಂಬ ಫ್ಯಾನಿನ ಸದ್ದೊಂದೇ. ಕುರ್ಚಿ ಎಳೆದುಕೊಂಡು ಕೂತೆ.

“ಒಬ್ಬಳೇ ಇದ್ದೂ ಇದ್ದೂ ಸಾಕಾಗಿದೆ ಕಣೇ,” ಅಂದೆ.

“ಹೇಳಿ ಪಿನ್ನಿ,” ಅಂದಳು ಹಾರಿಕಾ.