ಅಪ್ಪನ ಕಣ್ಣಿಗೊಂದು ಕಾಜಾ

ನಾನು ಚಿಕ್ಕವಳಿದ್ದಾಗ ಸೂಜಿಗೆ ಹೆದರಿದವಳೇ ಅಲ್ಲ, ಮಕ್ಕಳೇ. ನಮ್ಮ ಮನೆ ತುಂಬ ಸೂಜಿಗಳೇ. ಡಿ. ಹಿರೇಹಾಳ್ ಕಡೆಯ ಹೊಲ ಬಿಟ್ಟು ರಾಯದುರ್ಗಕ್ಕೆ ಬಂದ ಅಪ್ಪ ಜೀನ್ಸ್ ಪ್ಯಾಂಟುಗಳಿಗೆ ಕಾಜಾ ಮಾಡುತ್ತಿದ್ದ. ಕಾಜಾ ಅಂದರೆ ಗುಂಡಿ ತೂರಿಸುವ ಸೀಳು. ಬಟ್ಟೆ ಕತ್ತರಿಸಿ, ಅಂಚು ಬಿಚ್ಚಿಕೊಳ್ಳದಂತೆ ಸುತ್ತ ಹೊಲಿಯಬೇಕು. ಅಪ್ಪನಿಗೆ ಕಾಣುತ್ತಿದ್ದುದು ಬಲಗಣ್ಣು ಒಂದೇ. ಅದಕ್ಕೂ ಪೊರೆ ಬಂದು ಆಪರೇಷನ್ ಆಗಿತ್ತು.

ಅಪ್ಪನ ಹತ್ತಿರ ಬಟ್ಟೆ ಕೊಡವಬೇಡ, ಧೂಳು ಕಣ್ಣಿಗೆ ಬಿದ್ದೀತು ಎಂದು ಅಕ್ಕ ಎಚ್ಚರಿಸಿದ್ದಳು. ಒಂದು ದಿನ ಮರೆತು ಪಟಪಟ ಕೊಡವಿಬಿಟ್ಟೆ. ನೀಲಿ ಧೂಳು ಅಪ್ಪನ ಮುಖದ ಮೇಲೆಲ್ಲ ಕೂತಿತು. ಕೆಲವು ತಿಂಗಳಲ್ಲಿ ಆ ಕಣ್ಣು ಮತ್ತೆ ಮಂಜಾಯಿತು. ದಾರ ಪೋಣಿಸಲು ಹೋಗಿ ಅಪ್ಪ ಬೆರಳಿಗೇ ಚುಚ್ಚಿಕೊಳ್ಳುತ್ತಿದ್ದ. ಅಯ್ಯೋ, ನನಗೆ ಜೀವವೇ ಬಾಯಿಗೆ ಬಂದಂತಾಯಿತು! ನಾನು ಬಟ್ಟೆ ಕೊಡವಿದ್ದರಿಂದಲೇ ಹೀಗಾಯಿತು ಎಂದುಕೊಂಡೆ, ಯಾರಿಗೂ ಹೇಳಲಿಲ್ಲ.

ಅಪ್ಪ, ಅಕ್ಕ, ನಾನು ಮೂವರೂ ಬಸ್ಸು ಹತ್ತಿ ಬಳ್ಳಾರಿಯ ಆಸ್ಪತ್ರೆಗೆ ಹೋದೆವು. ಡಾಕ್ಟರು ಅಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು.

"ಕಣ್ಣಿನ ಮಣಿ ಒಂದು ತೆಳು ಚೀಲದಾಗ ಇರತೈತ್ರಿ. ಪೊರೆ ಬಂದಿದ್ದ ಮಣಿ ಆಗ್ಲೇ ತೆಗದೀವಿ, ಚೀಲ ಉಳಿಸೀವಿ. ಈಗ ಆ ಚೀಲದ ಹಿಂದಿನ ಪದರ ಮಂಜಾಗೇತಿ. ಸೂಜೀಲೆ ಅದಕ್ಕೊಂದು ತೂತು ಮಾಡಬೇಕು."

ಕಣ್ಣೊಳಗೆ ಸೂಜಿ! ನಾನು ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಕಾಜಾ ಮಾಡಿದಂಗ ಅನ್ರಿ," ಎಂದ ಅಪ್ಪ. ದನಿ ಕುಗ್ಗಿತ್ತು. "ಅಂಚು ಬಿಚ್ಚಿಕೊಂಡ್ರ ಏನ್ಮಾಡ್ತೀರಿ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನು ಗೊಳೋ ಎಂದು ಅತ್ತುಬಿಟ್ಟೆ. "ಬಟ್ಟೆ ಕೊಡವಿದಾಕಿ ನಾನ್ರಿ! ಧೂಳು ಒಳಗ ಹೋಗೇತಿ!"

ಅವರು ನಗಲಿಲ್ಲ. "ಧೂಳು ಅಲ್ಲಿಗೆ ಹೋಗಂಗಿಲ್ಲವ್ವ. ಆಪರೇಷನ್ ಆದಮ್ಯಾಲ ಕೆಲವರಿಗೆ ತಾನಾಗೇ ಹಿಂಗ ಆಗತೈತಿ." ನನಗೆ ನಂಬಿಕೆ ಬರಲಿಲ್ಲ.

ಅಪ್ಪನನ್ನು ಒಳಗೆ ಕರೆದೊಯ್ದರು. ಅಕ್ಕ ನೇಮಕಲ್ಲು ಆಂಜನೇಯನಿಗೆ ಹರಕೆ ಹೊತ್ತಳು. ನಾನೂ ಕೈ ಮುಗಿದು ಕಣ್ಣು ಮುಚ್ಚಿದೆ. ಅಪ್ಪನಿಗೆ ಯಾವಾಗಲೂ ಹೀಗೇ ಕತ್ತಲೆಯಾದರೆ ಎಂದು ಹೆದರಿ ತಟ್ಟನೆ ತೆರೆದೆ.

ಮರುದಿನ ಪಟ್ಟಿ ಬಿಚ್ಚಿದರು. ಅಪ್ಪ ತನ್ನ ದಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನನ್ನನ್ನೇ ನೋಡಿದ.

"ಅಂಗಿ ಗುಂಡಿ ತಪ್ಪಿಸಿ ಹಾಕ್ಕೊಂಡೀಯಲ್ಲೇ, ಪೆದ್ದಿ!"

ಆ ಬೈಗುಳದಷ್ಟು ಸಿಹಿಯಾದ ಮಾತನ್ನು ನಾನು ಇನ್ನೂ ಕೇಳಿಲ್ಲ.

ಹೋದ ತಿಂಗಳು, ಪೊರೆ ತೆಗೆಸಿದ್ದ ನನ್ನ ಕಣ್ಣಿನ ಚೀಲವೂ ಮಂಜಾಯಿತಲ್ಲ, ಸೂಜಿಯೇ ಇಲ್ಲದೆ ಲೇಸರ್ ಬೆಳಕಿನಿಂದಲೇ ತೂತು ಮಾಡಿದರು. ನೀವು ಹೊರಗೆ ಬಿಸ್ಕತ್ತಿನ ಪೊಟ್ಟಣ ಮುಗಿಸುವುದರೊಳಗೆ ಎಲ್ಲ ಮುಗಿದಿತ್ತು. ನಿಮಗೆ ಹೆದರಿಕೆಯೇ ಆಗಲಿಲ್ಲ, ಒಳ್ಳೆಯದೇ ಆಯಿತು. ನಾನು ಮಾತ್ರ ಆ ಯಂತ್ರಕ್ಕೆ ಗದ್ದ ಆನಿಸಿ ಕೂತು, ನನಗೇ ಗೊತ್ತಿಲ್ಲದಂತೆ ಕೇಳಿಬಿಟ್ಟಿದ್ದೆ: "ಅಂಚು ಬಿಚ್ಚಿಕೊಂಡ್ರ ಏನ್ಮಾಡ್ತೀರಿ, ಡಾಕ್ಟ್ರೇ?"