ಬೀರುವಿನ ಹಿಂದಿನ ಗೋಡೆ

ಟಕ್, ಟಕ್, ಆಮೇಲೆ ತುಂಬಾ ಹೊತ್ತು ಹಿಡಿದಿಟ್ಟ ಉಸಿರನ್ನು ಬಿಟ್ಟಂಥ ಒಂದು ‘ಪ್ಲಕ್’. ಸ್ಕ್ರೂಡ್ರೈವರಿನ ತುದಿಯಿಂದ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುವ ಆ ಸದ್ದು ಎಲ್ಲಿ ಕೇಳಿದರೂ ನಾನು ತೊಂಬತ್ತರ ದಶಕದ ವಡೋದರಾಕ್ಕೆ ಹೋಗಿಬಿಡುತ್ತೇನೆ. ದೀಪಾವಳಿ ಹತ್ತಿರವಾದರೆ ಸಾಕು, ಗುಜರಾತಿನ ಮನೆಗಳು ತಮ್ಮ ಹೊಟ್ಟೆಯೊಳಗಿನದನ್ನೆಲ್ಲ ಅಂಗಳಕ್ಕೆ ತಂದು ಹರವುತ್ತವೆ: ಹಾಸಿಗೆ, ಹಿತ್ತಾಳೆ ಪಾತ್ರೆ, ಉಪ್ಪಿನಕಾಯಿ ಭರಣಿ, ಮುದಿ ಮಾವಂದಿರು, ಎಲ್ಲ ಬಿಸಿಲಿಗೆ. ಮಂಜಲ್‌ಪುರದ ನಮ್ಮ ಸೊಸೈಟಿಯಲ್ಲಿ ಆ ದಿನಗಳಲ್ಲಿ ಯಾರ ಮನೆಗೆ ಹೋದರೂ ಸೆರಗಿಗೆ ಸುಣ್ಣದ ಮುದ್ರೆ ಒತ್ತಿಸಿಕೊಳ್ಳದೆ ಹಿಂದಿರುಗುವಂತಿರಲಿಲ್ಲ. ನಾವು ಮಾತ್ರ ‘ನಮ್ಮ ಕಡೆ ಇದೆಲ್ಲ ಯುಗಾದಿಗೆ’ ಎಂದು ದೀಪಾವಳಿಯನ್ನೂ, ಯುಗಾದಿ ಬಂದಾಗ ‘ಈ ಊರಲ್ಲಿ ಇದೆಲ್ಲ ದೀಪಾವಳಿಗೆ’ ಎಂದು ಯುಗಾದಿಯನ್ನೂ ಸಾಗಹಾಕುತ್ತ, ಎರಡು ಸಂಸ್ಕೃತಿಗಳ ನಡುವಣ ಬಿರುಕಿನಲ್ಲಿ ಎಷ್ಟೋ ವರ್ಷ ಸುಖವಾಗಿ ಬಚ್ಚಿಟ್ಟುಕೊಂಡಿದ್ದೆವು.

ಆ ವರ್ಷ ಅದು ನಡೆಯಲಿಲ್ಲ. ಪದ್ದಕ್ಕ ಬರುವವರಿದ್ದರು.

ಪದ್ದಕ್ಕ ನಮ್ಮನೆಯವರ ಅಕ್ಕ. ತಾಯಿಯಿಲ್ಲದ ತಮ್ಮಂದಿರನ್ನು ಸಾಕುವ ಗಡಿಬಿಡಿಯಲ್ಲಿ ತಮ್ಮ ಮದುವೆಯನ್ನೇ ಮರೆತವರು. ತಮ್ಮಂದಿರಿಗೆ ಒಂದೊಂದು ಮನೆಯಾದ ಮೇಲೆ ಟ್ರಂಕೊಂದನ್ನು ಹಿಡಿದು ಮೈಸೂರಿಗೂ ಶಿವಮೊಗ್ಗಕ್ಕೂ ಓಡಾಡಿಕೊಂಡು, ಒಮ್ಮೆ ನಡುಮನೆಯ ಮೂಲೆ, ಒಮ್ಮೆ ಅಕ್ಕಿ ಮೂಟೆಗಳ ಪಕ್ಕ, ಹೀಗೆ ಮನೆಯವರು ಬಳಸಿ ಮಿಕ್ಕ ಜಾಗದಲ್ಲಿ ಮಲಗಿ ಅಭ್ಯಾಸವಾದವರು. ನಮ್ಮಲ್ಲಿಗೂ ‘ಹಬ್ಬಕ್ಕೆ ಬಂದು ಹೋಗ್ತೀನಿ’ ಎಂದು ತಿಳಿಸಿ, ಹೋಗುವ ಟಿಕೆಟ್ಟನ್ನು ಮೊದಲೇ ತೆಗೆಸಿಟ್ಟಿದ್ದರು. ಅಕ್ಕ ಹೋಗಬಾರದು, ಇಲ್ಲೇ ಉಳಿಯಬೇಕು ಎಂಬುದು ನಮ್ಮನೆಯವರ ಒಳಗಿನ ಆಸೆ. ಆದರೆ ಮಕರಪುರದ ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರುಗಳ ಸಹವಾಸದಲ್ಲಿ ಆಯುಸ್ಸು ಸವೆಸಿದ ಗಂಡಸು ‘ಇಲ್ಲೇ ಇರಕ್ಕಾ’ ಎಂದು ಬಾಯಿಬಿಟ್ಟು ಹೇಳುವುದುಂಟೆ? ಅದರ ಬದಲು ಹಿಂದಿನ ರೂಮಿಗೆ ಕನಕಾಂಬರದ ಬಣ್ಣ ಹೊಡೆಸಲು ಹೊರಟರು. ಯಾವುದೋ ಕಾಲದಲ್ಲಿ ಹೂ ಕಟ್ಟುತ್ತ ಅಕ್ಕ ‘ಗೋಡೆಗೆ ಈ ಬಣ್ಣ ಇದ್ರೆ ಎಷ್ಟು ಚೆನ್ನ’ ಅಂದಿದ್ದರಂತೆ.

ಇನ್ನು ಬಣ್ಣ ಎಷ್ಟು ಬೇಕು ಎಂಬ ಪ್ರಶ್ನೆ. ನಾನೂ ಕಾನ್ವೆಂಟಿನ ಕೂಸೇ. ‘ಏರಿಯಾ ಆಫ್ ಫೋರ್ ವಾಲ್ಸ್’ ನನಗೇನು ಹೊಸದಲ್ಲ. ಉದ್ದ ಅಗಲ ಕೂಡಿಸಿ, ಇಮ್ಮಡಿಸಿ, ಎತ್ತರದಿಂದ ಗುಣಿಸಿ. ‘ಲೆಸ್ ಡೋರ್ಸ್ ಆ್ಯಂಡ್ ವಿಂಡೋಸ್, ಗರ್ಲ್ಸ್!’ ಎಂದು ನಮ್ಮ ಗಣಿತದ ಸಿಸ್ಟರ್ ಡಸ್ಟರನ್ನು ಮೇಜಿಗೆ ಕುಟ್ಟಿದರೆ ಅವರ ಶಿಲುಬೆಯ ಸರವೂ ಹೌದೆಂದು ಅಲುಗುತ್ತಿತ್ತು. ಈಗ ಯೋಚಿಸಿದರೆ ನಗು ಬರುತ್ತದೆ. ಆ ಲೆಕ್ಕದ ಕೋಣೆಗಳಲ್ಲಿ ಒಂದು ಮೊಳೆಯಿಲ್ಲ, ಮಂಚವಿಲ್ಲ, ಕ್ಯಾಲೆಂಡರಿಲ್ಲ. ಯಾರೂ ವಾಸಿಸದ ಕೋಣೆಗಳಿಗೆ ನಾವು ವರ್ಷಗಟ್ಟಲೆ ಬಣ್ಣ ಬಳಿದೆವು. ನಮ್ಮನೆಯವರು ಸಿಸ್ಟರನ್ನೂ ಮೀರಿಸಿದರು.

‘ಬೀರು ಹಿಂದೆ ಯಾರು ನೋಡ್ತಾರೆ? ಮೈನಸ್,’ ಎಂದರು. ನಮ್ಮ ಕಬ್ಬಿಣದ ಬೀರು ಒಂದು ಸಣ್ಣ ಆನೆ. ‘ನಿಲುಗನ್ನಡಿ, ಮೈನಸ್. ದೇವರ ಪಟ, ಮೈನಸ್.’

‘ಹಾಗಾದ್ರೆ ಪದ್ದಕ್ಕ ಒರಗಿ ಕೂರೋ ಜಾಗಾನೂ ಕಳೆದ್ಬಿಡಿ. ಬೆನ್ನ ಹಿಂದೆ ಯಾರು ನೋಡ್ತಾರೆ?’

‘ಡೋಂಟ್ ಬಿ ಸಿಲ್ಲಿ, ವಿಮಲಾ. ಅಕ್ಕ ಮೂವಬಲ್ ಐಟಮ್ಮು.’

ಬಣ್ಣದ ರಮಣ್‌ಭಾಯಿಗೆ ಆನೆಯನ್ನು ಎತ್ತುವ ಕೆಲಸ ತಪ್ಪಿತಲ್ಲ, ‘ಬರಾಬರ್ ಸಾಹೇಬ್, ಏಕ್‌ದಂ ಬರಾಬರ್!’ ಎಂದು ಆನಂದದಿಂದ ಒಪ್ಪಿದ. ಬಿಳಿ ಡಿಸ್ಟೆಂಪರಿಗೆ ಕೆಂಪು ಹಳದಿ ಸ್ಟೇನರನ್ನು ತೊಟ್ಟು ತೊಟ್ಟಾಗಿ ಸುರಿದು ಕಲಕಿದ. ನಮ್ಮ ಕುಂಡದ ಕನಕಾಂಬರವನ್ನು ಡಬ್ಬಿಯ ಬಾಯಿಗೆ ಹಿಡಿದು ಯಜಮಾನರು ಪರೀಕ್ಷಿಸಿದರು. ಕೆಲಸ ಮುಗಿದಾಗ ಡಬ್ಬಿ ಬರಿದೋ ಬರಿದು. ಪಕ್ಕದ ಮನೆಯ ಹಂಸಾಬೆನ್ ಜೋಕಾಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮನೆಯವರು ಅವಳೆದುರು ಡಬ್ಬಿಯನ್ನು ಬೋರಲು ಹಿಡಿದು ‘ದೇಖೋ ಬೆಹನ್, ವೇಸ್ಟೇಜ್ ನಿಲ್!’ ಎಂದರು. ಕಪ್ ಗೆದ್ದ ನಾಯಕನೂ ಹಾಗೆ ಬೀಗಿರಲಾರ.

ಪದ್ದಕ್ಕ ಬಂದರು. ಹೊಸ್ತಿಲಲ್ಲಿ ನಿಂತು ನಾಲ್ಕೂ ಗೋಡೆಗಳನ್ನು ನೋಡಿದರು. ಟ್ರಂಕಿನ ಬೀಗ ತೆಗೆಯಲಿಲ್ಲ. ವೆಯ್ಟಿಂಗ್ ರೂಮಿನಲ್ಲಿ ಕೂತವರ ಹಾಗೆ ಮಂಚದ ತುದಿಯಲ್ಲಿ ಕೂತರು. ನಮ್ಮನೆಯವರ ಮುಖ ಸಣ್ಣದಾಯಿತು. ಆದರೆ ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ಪದ್ದಕ್ಕನೇ ಮಾತು ತೆಗೆದರು.

‘ಸೀನ, ಆ ಬೀರು ಕಿಟಕಿ ಬೆಳಕಿಗೆ ಅಡ್ಡ ಕಣೋ. ಈ ಕಡೆ ಸರಿಸೋಣ್ವಾ?’

ಯಾರ ಮನೆಯಲ್ಲೂ ಒಂದು ಚೊಂಬನ್ನೂ ಅದು ಇದ್ದಲ್ಲಿಂದ ಕದಲಿಸಿದವರಲ್ಲ ಆಕೆ! ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ನಮ್ಮನೆಯವರು ಎಲ್ಲಿದ್ದರು?

‘ಅಕ್ಕ, ಅದು... ಲೋಡ್ ಬೇರಿಂಗು.’

‘ಏನಂದೆ?’

‘ಅಂದ್ರೆ ಆ ಗೋಡೆಗೆ ಅದೇ ಸಪೋರ್ಟು.’

‘ಬೀರು ಗೋಡೆಗೆ ಸಪೋರ್ಟೇ? ಇದ್ಯಾವ ಇಂಜಿನಿಯರಿಂಗೋ?’

‘ನಾನೊಂದು ಕಡೆ ಹಿಡೀತೀನಿ ಅಕ್ಕ,’ ಎಂದು ನಾನು ಸೆರಗು ಸಿಕ್ಕಿಸಿದೆ. ಇಂಥ ಅವಕಾಶ ಬಿಡುವಷ್ಟು ಪುಣ್ಯವಂತೆ ನಾನಲ್ಲ. ಹಂಸಾಬೆನ್ನಳನ್ನೂ ಕೂಗಿ ಕರೆದೆ. ಮೂವರು ಹೆಂಗಸರು ನೂಕಿದ ಮೇಲೆ ಆನೆ ಕಿರ್ರೆಂದು ಕದಲಿತು.

ಹಿಂದೆ ಹಳೆಯ ನೀಲಿ ಸುಣ್ಣ, ಬೀರುವಿನದೇ ಆಕಾರದಲ್ಲಿ; ಕನಕಾಂಬರದ ಗೋಡೆಯಲ್ಲಿ ಯಾರೋ ಒಂದು ಬಾಗಿಲು ಬರೆದು ತೆರೆಯಲು ಮರೆತಂತೆ. ಹಂಸಾಬೆನ್ ‘ಹಾಯ್ ಹಾಯ್!’ ಎಂದು ಕೆನ್ನೆಗೆ ಕೈಯಿಟ್ಟಳು. ನಾನು ನಗಲು ತಯಾರಾಗಿದ್ದೆ; ಪದ್ದಕ್ಕನ ಮುಖ ನೋಡಿ, ಸಿಕ್ಕಿಸಿದ ಸೆರಗನ್ನು ಬಿಡಿಸಿಕೊಂಡೆ.

‘ಇಷ್ಟು ಜಾಗ ಯಾಕೋ ಬಿಟ್ಟೆ, ಸೀನ?’ ಎಂದರು ಮೆಲ್ಲಗೆ. ಮಿಕ್ಕ ಜಾಗದ ಮಾತು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮನೆಯವರು ಉದ್ದ, ಅಗಲ, ಎತ್ತರ ಎಂದೆಲ್ಲ ಶುರುಮಾಡಿ, ಮೈನಸ್‌ವರೆಗೆ ಬಂದು ತಡವರಿಸಿ ನಿಂತರು. ಆಮೇಲೆ ಗೋಡೆಗೇ ಹೇಳುವವರ ಹಾಗೆ ಹೇಳಿದರು: ‘ನೀನು ಬೀರು ಸರಿಸೋವಷ್ಟು ದಿನ ಇರ್ತೀಯ ಅಂತ ನಂಗೆ ಧೈರ್ಯ ಇರ್ಲಿಲ್ಲ ಅಕ್ಕ.’

ಪದ್ದಕ್ಕ ತಮ್ಮನನ್ನೇ ನೋಡಿದರು. ‘ಲೇ ಪೆದ್ದ,’ ಎಂದರು. ‘ಹೋಗಿ ಬಣ್ಣ ತಗೊಂಡು ಬಾ.’

ರಮಣ್‌ಭಾಯಿ ಮತ್ತೆ ಬಂದ, ಮತ್ತೆ ಟಕ್ ಟಕ್ ಪ್ಲಕ್. ಆದರೆ ತೊಟ್ಟುಗಳ ಲೆಕ್ಕ ಯಾರಿಗೆ ನೆನಪಿತ್ತು? ಈ ಸಲದ ಕನಕಾಂಬರ ಮಾವಿನಹಣ್ಣಿನ ಕಡೆಗೆ ವಾಲಿತು. ‘ಸೂಖೇಗಾ ತೋ ಮಿಲ್ ಜಾಯೇಗಾ,’ ಒಣಗಿದರೆ ಸೇರುತ್ತದೆ, ಎಂದು ಅವನು ಏಣಿ ಹೊತ್ತು ಮಾಯವಾದ.

‘ಒಣಗಿ ಸೇರೋದನ್ನ ನೋಡ್ಕೊಂಡೇ ಹೋಗ್ತೀನಿ,’ ಎಂದು ಪದ್ದಕ್ಕ ಟ್ರಂಕಿನ ಬೀಗ ತೆಗೆದರು. ಟಿಕೆಟ್ಟು ಕ್ಯಾನ್ಸಲ್ ಆಯಿತು.

ಡಿಸ್ಟೆಂಪರು ಒಣಗಲು ಒಂದು ಮಧ್ಯಾಹ್ನ ಸಾಕು. ನಮ್ಮ ಮನೆಯದು ವರ್ಷಗಳಾದರೂ ಒಣಗಲಿಲ್ಲ! ದಿನಾ ಬೆಳಿಗ್ಗೆ ಪದ್ದಕ್ಕ ಆ ಮಾವಿನ ಬಣ್ಣದ ಚೌಕಕ್ಕೆ ಅಂಗೈ ಒತ್ತಿ, ತೆಗೆದು ನೋಡಿಕೊಂಡು, ‘ಊಹೂಂ, ಇನ್ನೂ ಹಸಿ’ ಎನ್ನುವರು. ಮೈಸೂರಿನ ತಮ್ಮ ಫೋನು ಮಾಡಿ ಯಾವಾಗ ಬರ್ತೀಯ ಎಂದರೂ ಅದೇ ಉತ್ತರ. ಅತ್ತ ಬೀರುವಿನ ಹೊಸ ಜಾಗದಲ್ಲಿ, ಆನೆಯ ಬೆನ್ನ ಹಿಂದೆ, ಅಸಲಿ ಕನಕಾಂಬರ ಯಾರೂ ನೋಡದೆ ಅರಳಿಕೊಂಡಿತ್ತು. ‘ಅಷ್ಟೂ ವೇಸ್ಟೇಜು’ ಎಂದು ನಮ್ಮನೆಯವರು ಕೊನೆಯವರೆಗೂ ಗೊಣಗುತ್ತಿದ್ದರು, ಬಹಳ ಸಂತೋಷದಿಂದ. ಸಿಸ್ಟರ್ ಬದುಕಿದ್ದರೆ ಕೇಳಬೇಕೆಂದಿದ್ದೆ: ಗೋಡೆಯಿಂದ ಏನೇನು ಕಳೆಯಬೇಕೆಂದು ಕಲಿಸಿದಿರಿ, ಮದರ್ ಪ್ರಾಮಿಸ್, ಚೆನ್ನಾಗಿಯೇ ಕಲಿಸಿದಿರಿ; ಕೂಡಿಸುವುದನ್ನು ಯಾವ ಕ್ಲಾಸಿಗೆ ಇಟ್ಟಿದ್ದಿರಿ?

ದಶಕ ಮುಗಿಯುವ ಹೊತ್ತಿಗೆ ಒಂದು ಮದುವೆಯ ಕರೆ ಬಂತು, ಪದ್ದಕ್ಕ ಮೈಸೂರಿಗೆ ಹೊರಟರು. ಟ್ರಂಕನ್ನು ರೂಮಿನಲ್ಲೇ ಬಿಟ್ಟು, ಒಂದು ಕೈಚೀಲ ಮಾತ್ರ. ಸ್ಟೇಷನ್ನಿನಲ್ಲಿ ಗಾಡಿ ಸೀಟಿ ಹಾಕಿದಾಗ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು. ‘ನಾನಿಲ್ಲ ಅಂತ ರೂಮಿಗೆ ಬಣ್ಣ ಹೊಡಿಸೀಯ ಕಣೇ ವಿಮಲಾ, ಹುಷಾರ್.’

‘ಇನ್ನೂ ಹಸಿ ಅಲ್ವಾ ಅಕ್ಕ, ಹೇಗೆ ಹೊಡಿಸ್ಲಿ?’ ಎಂದೆ.

ಅವರು ಬೊಚ್ಚುಬಾಯಿ ತುಂಬ ನಕ್ಕರು. ಗಾಡಿ ಕದಲಿತು. ಆಮೇಲೆ ನಾನು ಅವರನ್ನು ನೋಡಲಿಲ್ಲ; ಮೈಸೂರಿನಿಂದ ಬಂದದ್ದು ಅವರು ತೀರಿಕೊಂಡ ಸುದ್ದಿ. ನನಗುಳಿದಿರುವುದು ಅದೊಂದೇ ಕಿಟಕಿ. ಅದರ ಸರಳಿಗೆ ಪದ್ದಕ್ಕ ಅಂಗೈ ಒತ್ತಿ, ತೆಗೆದು, ಬಣ್ಣ ಅಂಟಿದೆಯೇ ಎಂದು ನೋಡಿಕೊಳ್ಳುತ್ತಿದ್ದರು.