ಓದದೆ ಬಿಟ್ಟ ವಾಕ್ಯ

ಮೂರು ಭಾನುವಾರ ನಮ್ಮ ಕ್ರೈಸ್ತ ಸಭೆಯ ಹಿರಿಯರು ಒಬ್ಬನೇ ಪ್ರವಾದಿಯ ಬಗ್ಗೆ ಬೋಧಿಸಿದರು. ದೇವರ ಮಾತಿನಂತೆ, ಪರಪುರುಷರ ಹಿಂದೆ ಹೋಗುವ ಹೆಣ್ಣನ್ನು ಮದುವೆಯಾದ ಇಬ್ರಿಯ ಪ್ರವಾದಿ ಅವನು. ಅವನ ಸಂಸಾರದ ನೋವೇ ದೇವರ ನೋವು, ವಿಗ್ರಹಗಳ ಕಾಲಿಗೆ ಬಿದ್ದ ಜನರೇ ಆ ಹೆಂಡತಿ ಎಂದು ವಿವರಿಸಿದರು. ಪ್ರತಿ ವಾರ ಮನೆಗೆ ಬಂದು ನಾನು ಅದೇ ಅಧ್ಯಾಯಗಳನ್ನು ಮತ್ತೆ ಓದುತ್ತಿದ್ದೆ.

ಶಿಕಾರಿಪುರದ ನಮ್ಮ ಸಭೆ ಎಂದರೆ ಒಂದು ಬಾಡಿಗೆ ಹಾಲ್. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಮುಂದೆ ಕೀಬೋರ್ಡ್ ನುಡಿಸುತ್ತಿದ್ದವನು ನನ್ನ ಗಂಡ. ಮದುವೆಯ ಮೇಲೆ ನಾನು ಅವನ ನಂಬಿಕೆಗೆ ಬಂದೆ. ಆಮೇಲೆ ಅವನು ಸೊರಬದಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ, ನಾನು ನಂಬಿಕೆಯಲ್ಲೇ ಉಳಿದೆ. ಸಭೆಗೆಲ್ಲ ಇದು ಗೊತ್ತಿತ್ತು. ನುಡಿಸಲು ಬೇರೆ ಯಾರೂ ಇಲ್ಲವೆಂದು ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ನಾನೂ ಬ್ಲೌಸ್ ಹೊಲಿದುಕೊಂಡು ನನ್ನ ಪಾಡಿಗೆ ಇದ್ದೆ.

ಆ ತಿಂಗಳು ಅಮ್ಮ ಚಂದ್ರಗುತ್ತಿ ಗುಡ್ಡದ ದೇವಿಯ ಗುಡಿಗೆ ಹೋಗಬೇಕೆಂದಳು. ಆನವಟ್ಟಿ ಹತ್ತಿರದ ನನ್ನ ತವರಿನವರು ಹರಕೆ ಹೊತ್ತರೆ ಅಲ್ಲಿಗೇ ಹೋಗುವುದು. ಅವಳ ಮಂಡಿ ಮಡಚುವುದಿಲ್ಲ. ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ. ಗುಡಿಯ ಮುಂದೆ ಅಮ್ಮ ಕಣ್ಣು ಮುಚ್ಚಿ, ನನ್ನ ಹೆಸರು ಹೇಳಿ ಬೇಡಿಕೊಂಡಳು. ನನ್ನ ಕೈಗಳೂ ಕೂಡಿದವು. ಅಮ್ಮನ ಸಮಾಧಾನಕ್ಕೆ ಮುಗಿದೆ ಎಂದರೆ ಸುಳ್ಳಾಗುತ್ತದೆ. ಆ ಗಳಿಗೆಯಲ್ಲಿ ನಾನೂ ಬೇಡಿಕೊಂಡೆ.

ಸಭೆಯ ಯಾರೋ ನೋಡಿದ್ದರು. ನಾಲ್ಕನೆಯ ಭಾನುವಾರ ಹಿರಿಯರು ನನ್ನನ್ನು ಎದ್ದು ನಿಲ್ಲಲು ಹೇಳಿದರು. ಆ ಪ್ರವಾದಿಯ ಹೆಂಡತಿ ಇಲ್ಲಿಯೇ ಇದ್ದಾಳೆ, ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಲಿ ಎಂದರು. ನನ್ನ ಗಂಡ ಪ್ರಾರ್ಥನೆಯಲ್ಲಿರುವವನಂತೆ ತಲೆ ತಗ್ಗಿಸಿ ಕೂತಿದ್ದ. ಅವನ ಆ ಬಗ್ಗಿದ ಕತ್ತು ಕಂಡು ನನ್ನ ಮೈಯೆಲ್ಲ ಉರಿಯಿತು.

"ಕೈ ಮುಗ್ದಿದ್ದು ಹೌದ್ರೀ," ಎಂದೆ. "ಅದನ್ನ ದೇವ್ರ ಹತ್ರ ಹೇಳ್ಕೋತೀನಿ. ಆದ್ರೆ ನಾಲ್ಕನೇ ಅಧ್ಯಾಯದಾಗೆ ಒಂದು ವಾಕ್ಯ ಬಿಟ್ಟು ಓದಿದ್ರಿ. ಅದನ್ನೀಗ ಓದ್ರಿ."

ಅವರು ಪುಸ್ತಕ ಮುಚ್ಚಿದರು. ನಾನು ನನ್ನದನ್ನು ತೆರೆದು ಗಟ್ಟಿಯಾಗಿ ಓದಿದೆ. ದಾರಿ ತಪ್ಪಿದ ಹೆಣ್ಣುಮಕ್ಕಳನ್ನು, ಸೊಸೆಯರನ್ನು ದಂಡಿಸುವುದಿಲ್ಲ, ಗಂಡಸರೇ ಪರಸ್ತ್ರೀಯರ ಜೊತೆ ಹೋಗುತ್ತಿದ್ದಾರೆ ಎಂದು ದೇವರೇ ಹೇಳುವ ಮಾತದು. ಹಿರಿಯರು ಕೈಸನ್ನೆ ಮಾಡಿದರು, ನನ್ನ ಗಂಡ ಹಾಡು ಎತ್ತಿದ. ನಾನು ಚಪ್ಪಲಿ ಮೆಟ್ಟಿ ಹೊರಬಂದೆ.

ಮರುದಿನ ಹಿರಿಯರು ನನ್ನ ಹೊಲಿಗೆ ಅಂಗಡಿಗೆ ಬಂದರು. ಅದೆಲ್ಲ ಉಪಮೆ, ನಿನ್ನ ಸಂಸಾರದ ಮಾತಲ್ಲ ಎಂದು ಸಮಾಧಾನ ಹೇಳಿದರು.

"ಉಪಮೆ ಆಗಿದ್ರೆ ನನ್ನನ್ಯಾಕೆ ನಿಲ್ಸಿದ್ರಿ? ನಮ್ಮ ಮನೆಯವ್ರನ್ನ ಯಾಕೆ ನಿಲ್ಸಲಿಲ್ಲ?"

ಕೀಬೋರ್ಡಿಗೆ ಬೇರೆ ಜನ ಸಿಕ್ಕಿದ ಮೇಲೆ ನೋಡೋಣ ಎಂದರು. ನಾನು ಮಷಿನ್ ತುಳಿಯತೊಡಗಿದೆ. ಅವರು ಎದ್ದು ಹೋದರು. ಇವತ್ತಿಗೂ ಅಲ್ಲಿ ಅವನೇ ನುಡಿಸುತ್ತಾನೆ. ನಾನು ಮನೆಯಲ್ಲೇ ಪ್ರಾರ್ಥಿಸುತ್ತೇನೆ. ಆ ಪ್ರವಾದಿಯನ್ನು ಈಗಲೂ ಓದುತ್ತೇನೆ. ಅವನ ಬೆಂಕಿ ಮೊದಲು ಬೀಳುವುದು ಯಾಜಕರ ಮೇಲೆ. ಆದರೂ ದ್ರೋಹಕ್ಕೆ ಹೋಲಿಕೆ ಬೇಕಾದಾಗ ಹೆಂಡತಿಯೇ ಯಾಕೆ ಎಂದು ದೇವರ ಜೊತೆಗೂ ಜಗಳವಾಡಿದ್ದೇನೆ.

ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಹೇಗೋ ಅವಳ ಕಿವಿಗೆ ಬಿದ್ದು, ಬಸ್ಸು ಹತ್ತಿ ಬಂದಳು. ಮಂಡಿ ನೀವಿಕೊಳ್ಳುತ್ತ ಕೇಳಿದಳು: "ನಾನು ನಿನ್ನ ಗುಡ್ಡಕ್ಕೆ ಕರೆದಿದ್ದೇ ತಪ್ಪಾತೇನೆ?"

ಈ ಪ್ರಶ್ನೆಯನ್ನು ಅವಳ ಬಾಯಿಗೆ ತಂದಿಟ್ಟವರನ್ನು ನಾನಿನ್ನೂ ಕ್ಷಮಿಸಿಲ್ಲ.